ಹುಸೇನಸಾಬರ ಹೆಬ್ಬೆರಳು, ನನ್ನ ಮೀಟರು

ಡಿಗ್ರಿ ಮಾಡಿದವರಿಗೆಲ್ಲ ಸ್ವಲ್ಪ ಜಂಬ ಇದ್ದೇ ಇರುತ್ತದೆ. ಅದು ಮನೆತನಕ್ಕೇ ಮೊದಲ ಡಿಗ್ರಿಯಾಗಿದ್ದರೆ ಜಂಬ ಹೋಗಿ ಕಾಯಿಲೆಯಾಗುತ್ತದೆ. ನನಗೆ ಅದು ಇದೆ, ಮುಚ್ಚಿಡುವುದಿಲ್ಲ. ಮನೆಯ ಬಾಗಿಲ ಮೇಲಿನ ಬೋರ್ಡು, ಹೊಲದ ಪಂಪ್‌ಸೆಟ್ ಕೋಣೆಯ ಗೋಡೆ, ನಂಟರ ಮದುವೆಗೆ ಕೊಡುವ ಸ್ಟೀಲ್ ತಟ್ಟೆ, ಹೆಸರು ಬರೆಯಲು ಜಾಗ ಸಿಕ್ಕಲ್ಲೆಲ್ಲ ಮುಂದೆ ಬಿ.ಎಸ್ಸಿ. ಎಂದು ಬರೆಸಿದ್ದೇನೆ. ಆ ಡಿಗ್ರಿ ರಜೆಯಲ್ಲಿ ಗಂಗಾವತಿ ಕಡೆ ಭತ್ತದ ನಾಟಿಗೆ ಹೋಗಿ, ಉಳಿದ ತಿಂಗಳು ಕೊಪ್ಪಳದ ಹಾಸ್ಟೆಲ್ಲಿನ ನೀರುಸಾರು ಉಂಡು ಗಳಿಸಿದ್ದು. ಟ್ರಂಕಿನಲ್ಲಿಟ್ಟರೆ ಯಾರಿಗೆ ಕಾಣುತ್ತದೆ? ಮದುವೆಯಾದ ಹೊಸದರಲ್ಲಿ ಹೆಂಡತಿ ಗಿರಿಜಾ ಅರ್ಧ ಡಜನ್ ಕರ್ಚೀಫುಗಳಿಗೆ ಕೆಂಪು ದಾರದಲ್ಲಿ ನನ್ನ ಹೆಸರಿನ ಕಸೂತಿ ಹಾಕಿಕೊಟ್ಟಾಗ, "ಮುಂದ ಬಿ.ಎಸ್ಸಿ. ಹಾಕೇ ಇಲ್ಲಲ್ಲ" ಎಂದವನು ನಾನು. ಅವಳು ನನ್ನನ್ನು ಒಮ್ಮೆ ನೋಡಿ, ಸೂಜಿಗೆ ಮತ್ತೆ ದಾರ ಪೋಣಿಸಿದಳು.

ಕೊಪ್ಪಳ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ನಾನು ಇರಕಲ್ಲಗಡದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನನ್ನದೊಂದು ಸೆಕೆಂಡ್‌ಹ್ಯಾಂಡ್ ಮೋಟರ್‌ಸೈಕಲ್ಲು ಇತ್ತು. ಏರು ಬಂದಾಗಲೆಲ್ಲ ಅದು ನನ್ನನ್ನು ಇಳಿಸಿ ನಡೆಸುತ್ತಿತ್ತು. ಬಸ್‌ಸ್ಟ್ಯಾಂಡ್ ಪಕ್ಕದ ಗ್ಯಾರೇಜಿನ ಹುಸೇನಸಾಬರು ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಿ ನೋಡಿ, ವಾಲ್ವು ಸುಟ್ಟಿವೆ ಎಂದರು. ಹೆಡ್ಡು ಗೋಣಿಚೀಲದಲ್ಲಿ ಬಸ್ಸು ಹತ್ತಿ ಗಂಗಾವತಿಗೆ ಹೋಗಿ, ರಿಪೇರಿಯಾಗಿ ಬಂದಿತ್ತು. ಎಲ್ಲಕ್ಕೂ ಅವಸರವಿತ್ತು. ತವರಿನವರು ಹತ್ತನೆಯ ತರಗತಿಗೇ ಶಾಲೆ ಬಿಡಿಸಿದ್ದ ಗಿರಿಜಾ, ಹಟ ಹಿಡಿದು ಮನೆಯಲ್ಲೇ ಓದುತ್ತ ಬಿ.ಎ. ಪರೀಕ್ಷೆಗೆ ಕಟ್ಟಿದ್ದಳು. ಕೊನೆಯ ಪೇಪರು ಮರುದಿನ ಬೆಳಿಗ್ಗೆ ಕೊಪ್ಪಳದಲ್ಲಿ. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. "ಗಾಡಿ ಸಂಜೀಕ ಮನಿ ಮುಂದ ನಿಂತಿರಬೇಕ್ರಿ. ಈ ಪೇಪರ್ ತಪ್ಪಿದ್ರ ನನ್ನ ವರ್ಷ ಹೋಗತೈತಿ" ಎಂದು ಅವಳು ಹೇಳಿಯೇ ಕಳಿಸಿದ್ದಳು.

ಹೆಡ್ ಕೂರಿಸಿದ ಮೇಲೆ ಕಂಪ್ರೆಷನ್ ನೋಡಬೇಕು. ಎಂಜಿನ್ನು ಗಾಳಿಯನ್ನು ಒಳಗೆಳೆದು ಬಿಗಿಯಾಗಿ ಒತ್ತುತ್ತದೋ, ಎಲ್ಲಾದರೂ ಸೋರಿಬಿಡುತ್ತದೋ ಎಂಬ ಪರೀಕ್ಷೆ ಅದು. ಹುಸೇನಸಾಬರು ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನ ಮೇಲೆ ಹೆಬ್ಬೆರಳು ಒತ್ತಿ, "ಒದೀರಿ ಸರ" ಎಂದರು. ನಾನು ಕಿಕ್ ಒದ್ದೆ. ಹೆಬ್ಬೆರಳು ಫಟ್ಟೆಂದು ಹಾರಿತು.

"ಆತ್ರಿ. ಛಲೋ ಐತಿ."

"ಛಲೋ ಅಂದ್ರ ಎಷ್ಟ್ರಿ? ಎಷ್ಟು ಪೌಂಡು?"

ಅವರು ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡರು. "ಇದರ ಮ್ಯಾಲೆ ನಂಬರ್ ಬರದಿಲ್ಲರಿ ಸರ."

ಇದೇ ಮಾತಿಗೆ ಕಾದಿದ್ದೆ. ಹುಬ್ಬಳ್ಳಿಯಿಂದ ತಂದಿದ್ದ ಕಂಪ್ರೆಷನ್ ಮೀಟರನ್ನು ಚೀಲದಿಂದ ತೆಗೆದೆ. "ನೀವು ನೋಡಕೊಂತಿರ್ರಿ, ಚಾ ಕುಡದು ಬರತೀನಿ. ಏರ್‌ಫಿಲ್ಟರ್ ಒಂದು ಕೂಡ್ರಸೂದೈತಿ" ಎಂದು ಅವರು ಹೊರಟರು. ಅಷ್ಟರಲ್ಲಿ ಗಾಳಿ ಎದ್ದು ರಸ್ತೆಯ ಧೂಳೆಲ್ಲ ಗ್ಯಾರೇಜಿಗೆ ನುಗ್ಗಿತು. ಫಿಲ್ಟರ್ ಇಲ್ಲದ ಕಾರ್ಬ್ಯುರೇಟರ್ ಬಾಯಿ ತೆರೆದುಕೊಂಡು ನಿಂತಿತ್ತು. ಓದಿದವನು ಇಂಥದ್ದನ್ನು ನೋಡಿ ಸುಮ್ಮನಿರಬಾರದು. ಕೈಗೆ ಬಂದ ಬಟ್ಟೆಯನ್ನು ಅದರೊಳಗೆ ಬಿಗಿಯಾಗಿ ತುರುಕಿ, ಪ್ಲಗ್ಗಿನ ಜಾಗದಲ್ಲಿ ಮೀಟರ್ ಕೂರಿಸಿ ಒದೆಯತೊಡಗಿದೆ.

ನೂರೈವತ್ತು ತೋರಿಸಬೇಕಾದ ಮುಳ್ಳು ಐವತ್ತಕ್ಕೆ ಹೋಗಿ ಕುಳಿತುಬಿಟ್ಟಿತು. ಇನ್ನೂ ಹತ್ತು ಸಲ ಒದ್ದೆ, ಅದೇ ಐವತ್ತು. ಪಂಕ್ಚರ್ ಹಾಕಿಸಲು ಕಾದು ಕುಳಿತಿದ್ದ ತಾವರಗೇರಾದ ಎಮ್ಮೆ ವ್ಯಾಪಾರಿಯೊಬ್ಬ ಹತ್ತಿರ ಬಂದು ಇಣುಕಿದ. "ಮೂವತ್ತೈದಕ್ಕ ಪಾಸ್ ಅಲ್ಲೇನ್ರಿ ಮಾಸ್ತರ?" ಎಂದ. ಹುಸೇನಸಾಬರು ಬಂದು ಮೀಟರ್ ತೆಗೆದು ಮತ್ತೆ ಹೆಬ್ಬೆರಳಿಟ್ಟರು. ಈ ಸಲ ಅದು ಹಾರಲಿಲ್ಲ, ಅಡಿಯಿಂದ ಪುಸ್ ಎಂದಿತಷ್ಟೆ. ಹೆಬ್ಬೆರಳನ್ನು ಅಂಗಿಗೆ ಒರೆಸಿ ಮತ್ತೊಮ್ಮೆ ಇಟ್ಟರು. ಮತ್ತೆ ಪುಸ್. "ಈಗಷ್ಟ ಛಲೋ ದಬ್ಬಿತ್ತಲ್ಲ" ಎಂದು ತಮ್ಮ ಬೆರಳಿಗೇ ಹೇಳಿಕೊಂಡರು. ಇಪ್ಪತ್ತು ವರ್ಷ ಆ ಬೆರಳನ್ನು ನಂಬಿದ್ದ ಮನುಷ್ಯನ ಮುಖ ಸಣ್ಣದಾಯಿತು. ನಾನು ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಅಳತೆ ಎಂದರೇನು, ಅಂದಾಜು ಎಂದರೇನು ಎಂದು ಒಂದು ಪೀರಿಯಡ್ಡಿಗಾಗುವಷ್ಟು ಪಾಠ ಹೇಳಿದೆ. ವ್ಯಾಪಾರಿ ಪಾಠ ಕೇಳಿ, "ನಮ್ಮ ಗಾಡಿ ಕುಷ್ಟಗಿಯಾಗ ತೋರಸ್ತೀನಿ ತಗೋರಿ" ಎಂದು ಪಂಕ್ಚರಾದ ಗಾಡಿಯನ್ನು ತಳ್ಳಿಕೊಂಡೇ ಹೊರಟ.

ಆಗಲೇ ಗಿರಿಜಾ ಬುತ್ತಿ ತಂದಳು. ಕಂಕುಳಲ್ಲಿ ಪುಸ್ತಕವಿತ್ತು.

"ಎಷ್ಟೊತ್ತಾಗತೈತ್ರಿ ಅಣ್ಣಾರ?"

"ಹೆಡ್ ಮತ್ತ ಬಿಚ್ಚಬೇಕ್ರಿ ಅಕ್ಕಾರ. ಗಂಗಾವತಿಗೆ ಹೋಗಿ ಬರೂದಂದ್ರ ನಾಡದ ಆಗತೈತಿ."

ಅವಳು ನನ್ನತ್ತ ನೋಡಿದಳು. "ಮೀಟರ್ ಇತ್ತು ಅಂತ ಗೊತ್ತಾತು ನೋಡು" ಎಂದೆ. ಅವಳು ಪುಸ್ತಕವನ್ನು ಬುತ್ತಿಯ ಪಕ್ಕದಲ್ಲಿಟ್ಟು ಕುಳಿತಳು. ನನ್ನ ಪಾಠ ಅಲ್ಲಿಗೆ ನಿಂತಿತು.

ಹೆಡ್ ಬಿಚ್ಚಬೇಕಾದರೆ ಮೊದಲು ಕಾರ್ಬ್ಯುರೇಟರ್ ಕಳಚಬೇಕು. ಹುಸೇನಸಾಬರು ಅದಕ್ಕೆ ಕೈಹಾಕಿದವರು ಬಗ್ಗಿ ಅದರ ಬಾಯೊಳಗೆ ಇಣುಕಿದರು. ಆಮೇಲೆ ಎರಡು ಬೆರಳಿನಿಂದ ಏನನ್ನೋ ಹಿಡಿದು ಮೆಲ್ಲಗೆ ಎಳೆಯತೊಡಗಿದರು. ಕೆಂಪು ದಾರದ ಬಿ.ಎಸ್ಸಿ. ಮೊದಲು ಹೊರಗೆ ಬಂತು. ಅದರ ಹಿಂದೆ, ಪೆಟ್ರೋಲಿನಲ್ಲಿ ತೊಯ್ದು, ನನ್ನ ಹೆಸರು ಬಂತು.

"ಸರ, ಎಂಜಿನ್ ಉಸುರಾಡೂ ಬಾಯಾಗ ಡಿಗ್ರಿ ತುರಕೀರಿ. ಗಾಳೀನ ಒಳಗ ಹೋಗಲಿಲ್ಲಂದ್ರ ಅದು ಏನ್ ಒತ್ತತೈತಿ?"

ಇದನ್ನೇ ನಾನು ಪ್ರತಿವರ್ಷ ಒಂಬತ್ತನೆಯ ತರಗತಿಗೆ ಹೇಳಿಕೊಡುತ್ತೇನೆ, ಚಿತ್ರ ಬರೆದು, ಭಾಗಗಳನ್ನು ಗುರುತಿಸಿ. ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜ ಅಲುಗಿ ನಗು ಹೊರಗೆ ಬಂದೇಬಿಟ್ಟಿತು. ಐವತ್ತು ಹೆಜ್ಜೆ ಹೋಗಿದ್ದ ವ್ಯಾಪಾರಿ ನಗು ಕೇಳಿ ಗಾಡಿ ತಿರುಗಿಸಿದ. ಮತ್ತೆ ಮೀಟರ್ ಕೂರಿಸಿ ಒದ್ದೆ, ನೂರೈವತ್ತೈದು. "ಮೀಟರಿಂದ ಏನ್ ತಪ್ಪಿಲ್ಲ ಬಿಡ್ರಿ" ಎಂದು ಹುಸೇನಸಾಬರು ದೊಡ್ಡ ಮನಸ್ಸು ಮಾಡಿದರು. ಆದರೂ ಮೀಟರ್ ತೆಗೆಸಿ, ಹೆಬ್ಬೆರಳಿಟ್ಟು, "ಇನ್ನೊಮ್ಮೆ ಒದೀರಿ" ಎಂದರು. ಫಟ್ಟೆಂದ ಮೇಲೆಯೇ ಅವರ ಮುಖಕ್ಕೆ ಕಳೆ ಬಂದದ್ದು.

ಮರುದಿನ ಗಾಡಿ ಹತ್ತುವ ಮೊದಲು ಗಿರಿಜಾ, "ಕರ್ಚೀಫ್ ತೋರಸ್ರಿ" ಎಂದಳು. ಕಿಸೆಯಿಂದ ತೆಗೆದು ತೋರಿಸಿದೆ. ಸರಿಯಾದ ಹೊತ್ತಿಗೆ ಕೊಪ್ಪಳ ಮುಟ್ಟಿದೆವು, ಅವಳು ಬರೆದಳು, ಪಾಸಾದಳು. ಬಾಗಿಲ ಬೋರ್ಡಿಗೆ ಬಿ.ಎ. ಬರೆಸೋಣ ಎಂದು ಹುರುಪಿನಿಂದ ಹೇಳಿದೆ. "ಮೊದಲ ನನ್ನ ಹೆಸರು ಬರಸ್ರಿ, ಡಿಗ್ರಿ ಆಮ್ಯಾಲೆ ನೋಡೂಣು" ಎಂದಳು. ಹೋಗಿ ನೋಡಿದರೆ ಹೌದು, ಬೋರ್ಡಿನಲ್ಲಿ ಅವಳ ಹೆಸರೇ ಇರಲಿಲ್ಲ.

ಆ ಮೀಟರನ್ನು ಅವಳು ಶೋಕೇಸಿನಲ್ಲಿ, ನನ್ನ ಘಟಿಕೋತ್ಸವದ ಫೋಟೋಕ್ಕೂ ಕಿನ್ನಾಳದ ಮರದ ಕುದುರೆಗೂ ನಡುವೆ ಇಟ್ಟಿದ್ದಾಳೆ. ಮುಳ್ಳು ಸೊನ್ನೆಯ ಮೇಲಿದೆ. ಬಂದವರು ಇದೇನೆಂದು ಕೇಳಿದರೆ, "ನಮ್ಮನಿಯವರ ಎರಡನೇ ಡಿಗ್ರಿ ರೀ. ಹುಸೇನಸಾಬ್ ಅಣ್ಣಾರ ಕಡಿ ಮಾಡ್ಯಾರ" ಎನ್ನುತ್ತಾಳೆ. ಕೇಳಿದವರು ನನ್ನ ಕಡೆ ತಿರುಗಿ ಪಾಸಾತೇನ್ರಿ ಎಂದು ಕೇಳುತ್ತಾರೆ. ನಾನು ಮುಳ್ಳಿನತ್ತ ಒಮ್ಮೆ ನೋಡಿ, ರಿಸಲ್ಟ್ ಇನ್ನೂ ಬಂದಿಲ್ಲ ಎನ್ನುತ್ತೇನೆ.