ನನ್ನ ಆವಿಯಂತ್ರಕ್ಕೆ ಖಂಡೇಪೂಜೆ

ಯಂತ್ರಗಳನ್ನು ಜೋಪಾನ ಮಾಡುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಾವೇರಿಯಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ಖಂಡೇಪೂಜೆ, ಅಂದರೆ ನಮ್ಮ ಕಡೆಯ ಆಯುಧಪೂಜೆ, ಅದರ ಹಿಂದಿನ ದಿನ ಗಿರಣಿ ಬಂದ್. ಅಪ್ಪ ಬೆಲ್ಟ್ ಬಿಚ್ಚಿ, ಬೀಸುಗಲ್ಲು ಎತ್ತಿಸಿ, ಮೂಲೆಮೂಲೆಯ ಹಿಟ್ಟು ಗುಡಿಸಿ, ಮೋಟರಿಗೆ ಗ್ರೀಸ್ ತುಂಬುತ್ತಿದ್ದರು. ಮರುದಿನ ಅದಕ್ಕೆ ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಹೊಸ ಮದುಮಗನನ್ನು ನೋಡುವ ಹಾಗೆ ದೂರ ನಿಂತು ನೋಡುತ್ತಿದ್ದರು. ಈ ಮಹತ್ಕಾರ್ಯದಲ್ಲಿ ನನ್ನ ಪಾಲಿಗೆ ಬಂದದ್ದು ಚುರುಮುರಿ ತಿನ್ನುವ ಕೆಲಸ. ಅದನ್ನು ನಾನು ಶ್ರದ್ಧೆಯಿಂದ ಮಾಡುತ್ತಿದ್ದೆ.

ಈ ಅನುಭವದ ಬಲದ ಮೇಲೆ, ಜರ್ಸಿ ಸಿಟಿಯ ಗಗನಚುಂಬಿ ಕಟ್ಟಡದಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ನಾನು ಒಂದು ವೇಪ್ ಖರೀದಿಸಿದೆ. ಬೆರಳುದ್ದದ ಯಂತ್ರ. ಒಳಗೆ ಬ್ಯಾಟರಿ, ಮೇಲೆ ಮಾವಿನ ಹಣ್ಣಿನ ವಾಸನೆಯ ದ್ರವ ತುಂಬಿದ ಸಣ್ಣ ಡಬ್ಬಿ. ಎಳೆದರೆ ಹೊಗೆಯಂಥ ಆವಿ ಬರುತ್ತದೆ.

ಇದಕ್ಕೆ ಹಿನ್ನೆಲೆಯಿದೆ. ಧಾರವಾಡದಲ್ಲಿ ಕಾಲೇಜು ಓದುವಾಗ ನಮ್ಮ ಹಾಸ್ಟೆಲಿನ ಎದುರು ಒಂದು ಪಾನ್ ಅಂಗಡಿಯಿತ್ತು. ಅದರ ಕಂಬಕ್ಕೆ ನಾರಿನ ಹಗ್ಗವೊಂದು ನೇತಾಡುತ್ತ, ತುದಿಯಲ್ಲಿ ಸದಾ ಕೆಂಪಗೆ ಉರಿಯುತ್ತಿತ್ತು. ಅದಕ್ಕೆ ಸಿಗರೇಟಿನ ತುದಿ ತಾಗಿಸಿ, ಒಂದೇ ಸಿಗರೇಟನ್ನು ಗೆಳೆಯರೆಲ್ಲ ಹಂಚಿಕೊಂಡು, ಅರ್ಧರ್ಧ ಚಹಾ ಕುಡಿದು, ದೇಶವನ್ನು ಹೇಗೆ ಸುಧಾರಿಸಬೇಕೆಂದು ಚರ್ಚಿಸುತ್ತಿದ್ದೆವು. ಆ ಹಗ್ಗಕ್ಕೆ ಚಾರ್ಜರ್ ಬೇಕಿರಲಿಲ್ಲ. ಸೂಚನಾಪತ್ರ ಇರಲಿಲ್ಲ. ಅಷ್ಟು ವರ್ಷ ಉರಿದರೂ ಅದು ಒಂದೇ ಒಂದು ಸಲ ಅಗ್ನಿಶಾಮಕ ದಳವನ್ನು ಕರೆಸಲಿಲ್ಲ!

ಮದುವೆಗೆ ಮೊದಲೇ ಸಿಗರೇಟು ಬಿಟ್ಟೆ. ನಿಜವಾಗಿಯೂ ಬಿಟ್ಟೆ. ಆದರೆ ಇತ್ತೀಚೆಗೆ ಮ್ಯಾನ್‌ಹಟನ್ನಿನ ನಮ್ಮ ಆಫೀಸಿನಲ್ಲಿ ಜನರನ್ನು ತೆಗೆಯುವ ಸುದ್ದಿ ಹಬ್ಬಿದಾಗ, ಹಳೆಯ ಚಟ ಹಳೆಯ ಗೆಳೆಯನ ಹಾಗೆ ಹೆಗಲ ಮೇಲೆ ಕೈಹಾಕಿತು. ನನ್ನ ನೌಕರಿ ಉಳಿಯಿತು. ಚಟವೂ ಉಳಿಯಿತು. ಆಗ ನಮ್ಮ ಮಹಡಿಯಲ್ಲೇ ಇರುವ ಮೈಸೂರಿನ ಇಮ್ತಿಯಾಜ್ ಸಾಹೇಬರು, ತಾವೂ ಅದೇ ದಾರಿಯಲ್ಲಿ ಹೋದವರು, ಸಿಗರೇಟಿನ ಬದಲು ವೇಪಿನ ದಾರಿ ತೋರಿಸಿದರು.

ಹೆಂಡತಿ ವಿಜಯಾಗೆ ಇದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಅಂಗಿಗೆ ಮಾವಿನಹಣ್ಣಿನ ವಾಸನಿ ಯಾಕ ಬರಾಕತ್ತೇತಿ?" ಎಂದು ಕೇಳಿದಳು. ಒಪ್ಪಿಕೊಂಡೆ. ಅವಳು ತೀರ್ಪು ಕೊಟ್ಟಳು.

"ಥಂಡಿ ದಿನ ಮುಗಿಯೂದ್ರೊಳಗ ಬಿಡ್ರಿ. ಅಲ್ಲೀತನ ಅವ್ವಗ ಗೊತ್ತಾಗಬಾರದು. ಗೊತ್ತಾತಂದ್ರ ಆಕಿ ಇಲ್ಲಿ ಒಂದು ದಿನಾನೂ ಇರಂಗಿಲ್ಲ."

ಅವ್ವ ಎಂದರೆ ನಮ್ಮ ಅತ್ತೆ ಗೌರಮ್ಮ. ರಾಣೆಬೆನ್ನೂರಿನವರು. ಆಗಷ್ಟೇ ನಮ್ಮಲ್ಲಿಗೆ ಬಂದಿದ್ದರು. ಮಾವನವರ ಬೀಡಿಯನ್ನೂ, ಅದರ ಬೆನ್ನಿಗೆ ಬಂದ ಕೆಮ್ಮನ್ನೂ ಕೊನೆತನಕ ಕಂಡುಂಡವರು. ಮಗಳಿಗೆ ಗಂಡು ನೋಡುವಾಗ ಆಸ್ತಿ ಕೇಳಲಿಲ್ಲ, ಸಂಬಳ ಕೇಳಲಿಲ್ಲ. "ಹೊಗಿ ಇಲ್ಲದ ಮನಿ ಆಗಬೇಕು" ಎಂದಷ್ಟೇ ಹೇಳಿದ್ದರು. ಈಗಲೂ ಅವರ ಮಾತು ಅದೇ. ಹೊಗೆ ಇರುವ ಮನೆಯಲ್ಲಿ ಮತ್ತೆ ಕೂತು ಕೆಮ್ಮು ಕೇಳುವ ಶಕ್ತಿ ಅವರಿಗಿರಲಿಲ್ಲ.

ಅತ್ತೆ ಹೊರಟುಹೋದರೆ ನನಗೇನು ಎಂದು ಕೇಳಬಹುದು. ಹೇಳುತ್ತೇನೆ. ಅವರು ಬಂದ ಮೊದಲ ಸಂಜೆ ಆಫೀಸಿನಿಂದ ಬಂದು ಬಾಗಿಲು ತೆರೆದರೆ ಒಳಗಿನಿಂದ ಪಟಪಟ ಸಪ್ಪಳ. ಜೋಳದ ರೊಟ್ಟಿ ಬಡಿಯುವ ಸಪ್ಪಳ. ನಮ್ಮವ್ವ ಹೋದ ಮೇಲೆ ಆ ಸಪ್ಪಳ ನನ್ನ ಕಿವಿಗೆ ಬಿದ್ದಿರಲಿಲ್ಲ. ಬೂಟು ಬಿಚ್ಚುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಂದಿನಿಂದ ದಿನವೂ ಹಾಗೆ ಒಂದು ಗಳಿಗೆ ನಿಂತೇ ಒಳಗೆ ಹೋಗುತ್ತಿದ್ದೆ. ಆ ಸಪ್ಪಳ ನಿಂತುಹೋಗುವುದು ನನಗೆ ಸುತರಾಂ ಬೇಡವಾಗಿತ್ತು.

ಆದ್ದರಿಂದ ಅತ್ತೆ ಒಂದು ದಿನ ನನ್ನನ್ನು ಬಾಲ್ಕನಿಯಲ್ಲಿ ಆವಿಯ ಮೋಡದೊಳಗೆ ಕಂಡು, "ಅದೇನ್ರಿ ಅಳಿಯಂದಿರ?" ಎಂದಾಗ ನನ್ನ ಬುದ್ಧಿ ಮಿಂಚಿನಂತೆ ಕೆಲಸ ಮಾಡಿತು.

"ಶೀತಕ್ಕ ಅತ್ತೀ. ಆವಿ ತಗೊಳ್ಳೂ ಮಷಿನ್ನು."

"ಇಷ್ಟ ಸಣ್ಣದು? ಮುಸುಕು ಬ್ಯಾಡೇನ್ರಿ?"

"ಅಮೆರಿಕಾದಾಗ ಮುಸುಕಿಲ್ದ ತಗೋತಾರ್ರಿ."

ಅತ್ತೆ ಗಂಭೀರವಾಗಿ ತಲೆಯಾಡಿಸಿ ಒಳಗೆ ಹೋದರು. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಯಂತ್ರದ ಜೋಪಾನದ ಬಗ್ಗೆ ಇಮ್ತಿಯಾಜ್ ಸಾಹೇಬರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಪಾಠ ಹೇಳುತ್ತಿದ್ದರು. "ಸಾರ್, ಡಬ್ಬಿ ಬಿಚ್ಚಿ ಆಗಾಗ ಒಣ ಟಿಶ್ಯೂನಲ್ಲಿ ಒರೆಸಿ. ನೀರು ತಾಗಿಸ್ಬೇಡಿ. ಜೇಬಲ್ಲಿ ಬೀಗದ ಕೈ ಜೊತೆ ಇಡ್ಬೇಡಿ. ಅದರ ಜೊತೆ ಬಂದಿರೋ ಚಾರ್ಜರ್ರೇ ಹಾಕಿ. ಮುಖ್ಯವಾಗಿ ಕಣ್ಣೆದುರಿಗೆ ಇಟ್ಕೊಂಡು ಚಾರ್ಜ್ ಮಾಡಿ, ಹಾಸಿಗೆ ಮೇಲಂತೂ ಬೇಡವೇ ಬೇಡ."

ಗಿರಣಿ ಮನೆತನದವನಿಗೆ ಪಾಠ! ನಾನು ನಕ್ಕುಬಿಟ್ಟೆ. ಸೂಚನಾಪತ್ರವನ್ನು ಮಡಚಿ ಅಲುಗಾಡುವ ಊಟದ ಮೇಜಿನ ಕಾಲಿಗೆ ಕೊಟ್ಟಿದ್ದೆ. ಅದು ಅಲ್ಲಿ ಅತ್ಯುತ್ತಮ ಸೇವೆ ಸಲ್ಲಿಸುತ್ತಿತ್ತು. ಜೊತೆಗೆ ಬಂದ ಚಾರ್ಜರ್ ಎಲ್ಲಿ ಹೋಯಿತೋ ದೇವರೇ ಬಲ್ಲ.

ಖಂಡೇಪೂಜೆ ಬಂತು. ಅಮೆರಿಕದಲ್ಲಿ ಅದು ಕೆಲಸದ ದಿನ, ಹಾಗಾಗಿ ನಾವಿಬ್ಬರೂ ಮನೆಯಿಂದಲೇ ಆಫೀಸು ನಡೆಸುತ್ತಿದ್ದೆವು. ಬೆಳಿಗ್ಗೆ ಸ್ನಾನ ಮಾಡಿ, ಪಂಚೆ ಉಟ್ಟು, ಶಲ್ಯ ಹೊದ್ದು ಹೊರಗೆ ಬಂದರೆ ಅತ್ತೆ ಆಗಲೇ ಆಯುಧಗಳನ್ನು ಸಾಲಾಗಿ ಜೋಡಿಸಿದ್ದರು. ಲ್ಯಾಪ್‌ಟಾಪುಗಳು, ಕಾರಿನ ಕೀಲಿಕೈ, ಮಿಕ್ಸರ್, ಕತ್ತರಿ, ಈಳಿಗೆ, ಊರಿಂದ ತಂದ ಕಬ್ಬಿಣದ ಬಾಣಲೆ. ಎಲ್ಲದರ ನಡುವೆ, ವೀಳ್ಯದೆಲೆಯ ಮೇಲೆ, ನನ್ನ ವೇಪು!

"ಉಸಿರು ಕಾಯೂ ಮಷಿನ್ನಲ್ರಿ," ಎಂದರು ಅತ್ತೆ. "ಅದಕ್ಕ ಮೊದಲ ಪೂಜಿ ಆಗಬೇಕು."

ವಿಜಯಾ ಚಾವಣಿಯನ್ನು ನೋಡುತ್ತ ನಿಂತಳು. ಅತ್ತೆ ವೇಪಿಗೆ ವಿಭೂತಿ ಬಳಿದರು. ಗಂಧ ಕಲಸಿ ದಪ್ಪಗೆ ಮೆತ್ತಿದರು, ಅದರ ಬಾಯಿಗೂ, ಬುಡದಲ್ಲಿದ್ದ ಚಾರ್ಜಿನ ತೂತಿಗೂ. ಅದರ ಮೇಲೆ ಕುಂಕುಮ, ಅಕ್ಷತೆ, ಚೆಂಡುಹೂ. ಮಾವಿನೆಲೆಯಿಂದ ತೀರ್ಥ ಚಿಮುಕಿಸಿದರು. ನಾನು ಎರಡೂ ಕೈ ಮುಗಿದು, ನನ್ನ ಚಟಕ್ಕೆ ಮಂಗಳಾರತಿ ಬೆಳಗಿ, ತೆಂಗಿನಕಾಯಿ ಒಡೆದೆ.

"ಇವತ್ತ ಇವನ್ನ ಮುಟ್ಟಬಾರದು," ಎಂದರು ಅತ್ತೆ. "ಆಫೀಸಿನ ಕೆಲಸ ಐತಿ ಅಂತ ಲ್ಯಾಪ್‌ಟಾಪು ತಗೋರಿ. ಉಳಿದದ್ದು ನಾಳೀನ."

ಮಧ್ಯಾಹ್ನದತನಕ ತಡೆದೆ. ಆಮೇಲೆ ಮ್ಯಾನೇಜರರೊಂದಿಗೆ ಒಂದು ಮೀಟಿಂಗು ನಡೆಯಿತು. ಅದು ಮುಗಿದಾಗ ನನಗೆ ಧಾರವಾಡದ ಆ ಹಗ್ಗ ಕಣ್ಣಿಗೆ ಕಟ್ಟಿತು. ಅತ್ತೆ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದರು. ಮೆಲ್ಲನೆ ಹೋಗಿ, ದೇವರ ಸನ್ನಿಧಿಯಿಂದಲೇ ಆಯುಧವನ್ನು ಕದ್ದು, ಬಚ್ಚಲುಮನೆ ಸೇರಿದೆ.

ಎಳೆದರೆ ಏನೂ ಬರಲಿಲ್ಲ. ದೀಪವೂ ಹತ್ತಲಿಲ್ಲ. ಗಿರಣಿಯ ರಕ್ತ ಕುದಿಯಿತು. ವಿಜಯಾಳ ಸೀರೆಯ ಪಿನ್ನಿನಿಂದ ತೂತಿನ ಗಂಧ ಕೆದಕಿದೆ. ಒಂದು ಅಕ್ಷತೆಕಾಳು ಇನ್ನೂ ಒಳಗೆ ಹೋಯಿತು. ಒದ್ದೆ ಬಟ್ಟೆಯಿಂದ ಒರೆಸಿದೆ. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟೆ. ಆಗಲೂ ದೀಪ ಹತ್ತದಿದ್ದಾಗ ಚಾರ್ಜು ಮುಗಿದಿದೆ ಎಂದು ವೈಜ್ಞಾನಿಕವಾಗಿ ತೀರ್ಮಾನಿಸಿದೆ. ಕೈಗೆ ಸಿಕ್ಕದ್ದು ವಿಜಯಾಳ ಲ್ಯಾಪ್‌ಟಾಪಿನ ಚಾರ್ಜರ್. ದೊಡ್ಡ ಚಾರ್ಜರ್ ಆದರೆ ಬೇಗ ತುಂಬುತ್ತದಲ್ಲ! ಅತ್ತೆಗೆ ಕಾಣದಿರಲೆಂದು ಹಾಸಿಗೆಯ ಮೇಲಿಟ್ಟು, ದಿಂಬು ಮುಚ್ಚಿ, ಮುಂದಿನ ಮೀಟಿಂಗಿಗೆ ಹೋದೆ. ಸಾಹೇಬರು ಬೇಡವೆಂದದ್ದರಲ್ಲಿ ನಾನು ಬಾಕಿ ಉಳಿಸಿದ್ದು ಬೀಗದ ಕೈ ಒಂದೇ.

ಮೀಟಿಂಗಿನ ನಡುವೆ ಮೂಗಿಗೆ ವಾಸನೆ ಬಡಿಯಿತು. ಸುಟ್ಟ ಮಾವಿನಹಣ್ಣು, ಸುಟ್ಟ ಗಂಧ, ಸುಟ್ಟ ಪ್ಲಾಸ್ಟಿಕ್ಕು. ಓಡಿ ಹೋಗಿ ನೋಡಿದರೆ ದಿಂಬಿನಿಂದ ಹೊಗೆ ಏಳುತ್ತಿತ್ತು. ಪ್ಲಗ್ ಕಿತ್ತೆ. ಅಂದು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಬುಸುಗುಟ್ಟುತ್ತಿದ್ದ ಯಂತ್ರವನ್ನು ಇಕ್ಕಳದಲ್ಲಿ ಹಿಡಿದು, ಪೂಜೆಯಲ್ಲಿದ್ದ ಬಾಣಲೆಗೆ ಎಸೆದೆ. ಮನೆಯೆಲ್ಲ ಹೊಗೆ. ಹೊಗೆಯಾದರೆ ಏನು ಮಾಡಬೇಕೆಂದು ಹಾವೇರಿಯ ಮಗುವಿಗೂ ಗೊತ್ತು. ಬಾಗಿಲು ತೆರೆಯಬೇಕು.

"ಬಾಗಲಾ ತಗೀಬ್ಯಾಡ್ರಿ, ಕಿಡಕಿ ತಗೀರಿ," ಎಂದು ವಿಜಯಾ ಕೂಗುವಷ್ಟರಲ್ಲಿ ತೆರೆದಾಗಿತ್ತು.

ನಮ್ಮ ಕಟ್ಟಡದ ಭಾರತೀಯರೆಲ್ಲ ಮನೆ ಸೇರಿದ ದಿನವೇ ಕಲಿಯುವ ಪಾಠವಿದು. ಒಗ್ಗರಣೆ ಸೀದರೆ ಕಿಟಕಿ ತೆರೆ, ಬಾಗಿಲು ತೆರೆಯಬೇಡ. ಮನೆಯೊಳಗಿನ ಅಲಾರಂ ನಿನ್ನ ಕಿವಿಗಷ್ಟೆ. ಮನೆಗಳ ನಡುವಿನ ಮೊಗಸಾಲೆಯದು ಇಡೀ ಕಟ್ಟಡಕ್ಕೆ. ಹೊಗೆ ಮೊಗಸಾಲೆಗೆ ಕಾಲಿಟ್ಟ ಕೂಡಲೇ ಮಹಡಿ ಮಹಡಿಯಲ್ಲೂ ಅಲಾರಂ ಕಿರುಚತೊಡಗಿತು. ಲಿಫ್ಟು ನಿಂತಿತು. ಅತ್ತೆಯ ಕೈಹಿಡಿದು ಮೆಟ್ಟಿಲು ಇಳಿಸಿದೆವು.

ಹಡ್ಸನ್ ನದಿಯ ಚಳಿಗಾಳಿಯಲ್ಲಿ ಕಟ್ಟಡದ ಜನವೆಲ್ಲ ಫುಟ್‌ಪಾತಿನ ಮೇಲೆ ನಿಂತಿತ್ತು. ಕೂಸುಗಳು, ನಾಯಿಗಳು, ಲ್ಯಾಪ್‌ಟಾಪಿನಲ್ಲಿ ಇನ್ನೂ ಮೀಟಿಂಗು ನಡೆಸುತ್ತಿದ್ದವರು. ನಡುವೆ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿ ನಾನು. ಕೆಂಪು ಗಾಡಿಗಳು ಬಂದವು. ಇಮ್ತಿಯಾಜ್ ಸಾಹೇಬರು ಪಕ್ಕಕ್ಕೆ ಬಂದು ಮೆಲ್ಲನೆ ಕೇಳಿದರು. "ಸಾರ್, ಯಾವ ಚಾರ್ಜರ್?" ನಾನು ಮ್ಯಾನ್‌ಹಟನ್ ಕಡೆ ನೋಡಿದೆ.

ಸ್ವಲ್ಪ ಹೊತ್ತಿನ ಮೇಲೆ ಅಗ್ನಿಶಾಮಕ ಅಧಿಕಾರಿಯೊಬ್ಬರು ಹೊರಗೆ ಬಂದರು. ಆರಡಿ ದಾಟಿದ ಮನುಷ್ಯ. ಕೈಯಲ್ಲಿ ನಮ್ಮ ಬಾಣಲೆ. ಬಾಣಲೆಯಲ್ಲಿ ಕರಕಲಾದ ವೇಪು, ಅದಕ್ಕೆ ಅಂಟಿದ ಕುಂಕುಮ, ಒಂದು ಚೆಂಡುಹೂವಿನ ಎಸಳು. ಯಾರ ಮನೆಯದೆಂದು ಕೇಳಿದರು. ಎಲ್ಲರೂ ನನ್ನ ಪಂಚೆಯನ್ನೇ ನೋಡಿದರು.

"ಸರ್, ವಾಟ್ ಈಸ್ ದಿಸ್ ರೆಡ್ ಪೌಡರ್? ಈಸ್ ಇಟ್ ಎ ಕೆಮಿಕಲ್?"

ಅಲ್ಲ, ಪೂಜೆ ಮಾಡಿದ್ದೆವು ಎಂದು ವಿವರಿಸಿದೆ. ಅವರು ಬಾಣಲೆಯನ್ನು ನೋಡಿದರು, ನನ್ನನ್ನು ನೋಡಿದರು.

"ಯು ವರ್ಶಿಪ್ ಯುವರ್ ವೇಪ್, ಸರ್?"

ಹೌದೆಂದರೆ ಧರ್ಮಕ್ಕೆ ಅವಮಾನ, ಇಲ್ಲವೆಂದರೆ ಸುಳ್ಳು. ತಲೆ ತಗ್ಗಿಸಿ "ಓನ್ಲಿ ಟುಡೇ" ಎಂದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅತ್ತೆ ಮಾತ್ರ ನಗಲಿಲ್ಲ. ಬಾಣಲೆಯನ್ನೊಮ್ಮೆ ನೋಡಿ, ಸೆರಗು ಹೊದ್ದುಕೊಂಡು, ನದಿಯ ಕಡೆ ಮುಖ ತಿರುಗಿಸಿದರು.

ಕರಕಲನ್ನು ಕಸದ ಡಬ್ಬಿಗೆ ಹಾಕಹೊರಟ ನನ್ನನ್ನು ಸಾಹೇಬರೇ ತಡೆದರು. ಬ್ಯಾಟರಿಯನ್ನು ಕಸಕ್ಕೆ ಹಾಕಬಾರದಂತೆ, ಅದಕ್ಕೆಂದೇ ಇರುವ ಜಾಗಕ್ಕೆ ಕೊಡಬೇಕಂತೆ. ತಾವೇ ತೆಗೆದುಕೊಂಡು ಹೋದರು. ಅಂದು ಸಂಜೆ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ. ಹಬ್ಬದ ಹೋಳಿಗೆ ತಟ್ಟೆಗೆ ಬಂತು, ಮಾತು ಬರಲಿಲ್ಲ. ಅತ್ತೆ ತಮ್ಮ ಕೋಣೆಯಲ್ಲಿ ಸೂಟ್‌ಕೇಸು ತೆರೆದು ಏನೋ ಹುಡುಕುತ್ತಿದ್ದರು. ಊರಿಗೆ ಹೊರಡುವ ತಯಾರಿ ಎಂದುಕೊಂಡೆ.

ಮರುದಿನ ವಿಜಯದಶಮಿ. ನಮ್ಮ ಕಡೆ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲಿಗೆ ಬೀಳುವ ದಿನ. ಅತ್ತೆ ಸೂಟ್‌ಕೇಸಿನಲ್ಲಿ ಹುಡುಕಿದ್ದು ಊರಿಂದ ತಂದ ಒಣ ಬನ್ನಿಯನ್ನು. ಒಂದು ಹಿಡಿ ನನ್ನ ಕೈಗಿಟ್ಟರು. ಅದನ್ನೇ ಅವರ ಕೈಗೆ ಕೊಟ್ಟು ಕಾಲಿಗೆ ಬಿದ್ದೆ. ಏಳಲು ಧೈರ್ಯ ಬರಲಿಲ್ಲ.

"ಏಳ್ರಿ," ಎಂದರು. "ಪೂಜಿಗೆ ಒಂದು ಬೊಟ್ಟು ಗಂಧ ಸಾಕಿತ್ತು. ನಾನು ಬಾಯಿ ತುಂಬ ಮೆತ್ತಿದೆ. ಯಾಕ ಅಂದ್ಕೊಂಡೀರಿ?"

ನಾನು ಎದ್ದು ಕೂತೆ.

"ನಿಮ್ಮ ಮಾವನೋರ ಬೀಡಿ ಕಟ್ಟಿಗೆ ನೀರು ಹಾಕತಿದ್ದೆ. ಇದಕ್ಕ ಎಲ್ಲಿ ಹಾಕಬೇಕೋ ತಿಳೀಲಿಲ್ಲ. ಕೆಟ್ಟೈತಿ ಅಂತ ಮೂಲಿಗೆ ಒಗೀತೀರಿ ಅಂದ್ಕೊಂಡಿದ್ದೆ. ಬೆಂಕಿ ಹಚ್ಚತೀರಿ ಅಂತ ನನಗೇನು ಗೊತ್ತು?"

"ಅತ್ತೀ, ನಿಮಗ ಮೊದಲ ಗೊತ್ತಿತ್ತಾ?"

"ಬರೇ ಚಹಾ ಕುಡದ ಮ್ಯಾಲೆ ಬರೂ ಶೀತ ನಾ ಎಲ್ಲೂ ನೋಡಿಲ್ಲ."

ವಿಜಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನೇ ಕೇಳಿದೆ. "ಹಂಗಾರ ಊರಿಗೆ ಹೊಕ್ಕೀರಾ?"

ಅತ್ತೆ ಬನ್ನಿ ಎಲೆಗಳನ್ನು ಅಂಗೈಯಲ್ಲಿ ಸರಿಮಾಡುತ್ತ ಕೂತರು. "ಹೋಗಬೇಕಂತ ಮಾಡಿದ್ದೆ. ಆದರ ನೀವು ದಿನಾ ಬೂಟು ಹಾಕ್ಕೊಂಡು ಬಾಗಲಾಗ ನಿಂತು ರೊಟ್ಟಿ ಸಪ್ಪಳ ಕೇಳ್ತಿದ್ರಿ. ನಿಮ್ಮ ಮಾವನೋರೂ ಹಂಗ ನಿಲ್ಲತಿದ್ರು." ಕಣ್ಣೊರೆಸಿಕೊಂಡರು. "ಅವರ ಕೆಮ್ಮು ನಿಲ್ಲಸಾಕ ನನ್ನ ಕೈಲಿ ಆಗಲಿಲ್ಲ. ನಿಮಗ ಇನ್ನಾ ಕೆಮ್ಮು ಹತ್ತಿಲ್ಲ. ಈ ಶೀತ ವಾಸಿ ಮಾಡಿನ ಹೋಗಾಕಿ ನಾನು."

ನನಗೂ ಕಣ್ಣು ತುಂಬಿತು. ಇನ್ನು ಆ ಯಂತ್ರ ಮುಟ್ಟುವುದಿಲ್ಲ ಎಂದೆ. ಎಲ್ಲ ಸುಖಾಂತವಾಯಿತು ಎಂದುಕೊಂಡೆ. ಆದರೆ ಅತ್ತೆ ಹೇಳಿದ ಮಾತನ್ನು ಹೇಳಿದಂತೆಯೇ ನಡೆಸುವವರು ಎಂಬುದನ್ನು ಮರೆತಿದ್ದೆ.

ಈಗ ದಿನವೂ ಚಹಾ ಕುಡಿದ ಮೇಲೆ, ನಾನು ಮೊದಲು ಬಾಲ್ಕನಿಗೆ ಹೋಗುತ್ತಿದ್ದ ಅದೇ ಹೊತ್ತಿಗೆ, ಮೇಜಿನ ಮೇಲೆ ಒಂದು ಪಾತ್ರೆ ಬಂದು ಕೂರುತ್ತದೆ. ಕುದಿಯುವ ನೀರು, ತುಳಸಿ, ನೀಲಗಿರಿ ಎಣ್ಣೆ. ಪಕ್ಕದಲ್ಲಿ ಕಂಬಳಿ. ಒಳಗೆ ಕೂತರೆ ಬೆವರು ಧಾರಾಕಾರ. ಕತ್ತಲಲ್ಲಿ ಹಾವೇರಿಯ ಮನೆ ನೆನಪಾಗುತ್ತದೆ, ಹೀಗೆಯೇ ಮುಸುಕು ಹಾಕಿ ಬೆನ್ನ ಮೇಲೆ ಕೈಯಿಡುತ್ತಿದ್ದ ನಮ್ಮವ್ವ ನೆನಪಾಗುತ್ತಾಳೆ. ಚಾರ್ಜರ್ ಬೇಡದ ಆ ಪಾತ್ರೆಯ ಮೇಲೆ ಪ್ರೀತಿಯೂ ಹುಟ್ಟುತ್ತದೆ. ಆದರೆ ದಿನವೂ ಅಂದರೆ ದಿನವೂ!

ಮೊನ್ನೆ ಕಂಬಳಿಯೊಳಗಿಂದಲೇ ಧೈರ್ಯ ಮಾಡಿದೆ. "ಅತ್ತೀ, ನನಗ ಶೀತ ಇಲ್ಲಲ್ರಿ."

"ಇಲ್ಲಂತ ನನಗೂ ಗೊತ್ತೈತಿ," ಎಂದರು ಅತ್ತೆ. "ಮುಸುಕು ಸರಿ ಮಾಡ್ಕೋರಿ, ಆವಿ ಹೊರಗ ಹೊಂಟೈತಿ."