ಪ್ರಬಂಧಕ್ಕೆ ಬೇಕಾದ ಎದೆಬಡಿತ

ಹೆಂಡತಿ ಓದಿದರೆ ಗಂಡನಿಗೆ ಹೆಮ್ಮೆ. ಹೆಂಡತಿ ಗಂಡನನ್ನೇ ಓದಲು ಹೊರಟರೆ ಮಾತ್ರ ಅವನದು ನಾಯಿಪಾಡು. ನಮ್ಮ ಬಸ್ ಡ್ರೈವರ್ ಮಹಾಶಯನಿಗೆ ಒದಗಿದ್ದು ಇದೇ ಗತಿ. ಮಕ್ಕಳು ದೊಡ್ಡವರಾದ ಮೇಲೆ ಅವನ ಹೆಂಡತಿ ವಿಶ್ವವಿದ್ಯಾಲಯ ಸೇರಿ, ಕತೆ ಓದುವಾಗ ಮನಸ್ಸಿಗೆ ಏನಾಗುತ್ತದೆ ಎಂಬುದರ ಸಂಶೋಧನೆಗೆ ಇಳಿದಿದ್ದಳು. ದಿನವೆಲ್ಲ ಸ್ಟೀರಿಂಗ್ ತಿರುಗಿಸಿ ಹಣ್ಣುಗಾಯಿ ನೀರುಗಾಯಿಯಾಗಿ ಬಂದವನ ಬೆರಳಿಗೆ ನಾಡಿ ಅಳೆಯುವ ಚಿಮುಟ ಸಿಕ್ಕಿಸಿ, ಕೈಗೊಂದು ದುಃಖದ ಕತೆ ಕೊಡುತ್ತಿದ್ದಳು.

“ನಾಯಕಿ ಸತ್ತೇ ಹೋದಳು. ನಿಮ್ಮ ಎದೆ ಮಾತ್ರ ಜಪ್ಪಯ್ಯ ಅಂದ್ರೂ ಅಲುಗಾಡಲಿಲ್ವಲ್ರೀ!”

“ಬಸ್ ತುಂಬ ಜನ ಕೂರಿಸಿಕೊಂಡು ಓಡಿಸೋನು ಕಣೇ. ನನ್ನ ಎದೆ ಹಾಗೆಲ್ಲ ಹಾರಬಾರದು.”

“ಮಾತಿಗೇನೂ ಕಮ್ಮಿ ಇಲ್ಲ. ಈ ಅಧ್ಯಾಯ ಒಪ್ಪಿಗೆ ಆಗೋವರೆಗೂ ನಿಮಗೆ ಬಿಡುಗಡೆ ಇಲ್ಲ.”

ಒಪ್ಪಿಗೆಯಾದರೆ ಸಂಜೆಯ ನಿದ್ದೆ ವಾಪಸ್! ಆ ಒಂದೇ ಆಸೆಯಿಂದ ಅವನು ಓದಲು ಕೂತರೂ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ತೂಕಡಿಸುತ್ತಿದ್ದ. (ಕಣ್ಣು ತೆರೆದೇ ನಿದ್ದೆ ಮಾಡುವ ವಿದ್ಯೆ ಅವನಿಗೆ ಬರುತ್ತಿರಲಿಲ್ಲ; ಪ್ರಯಾಣಿಕರ ಪುಣ್ಯ.) ಅಡುಗೆಮನೆ ಕಡೆಯಿಂದ ಅವಳ ಹೆಜ್ಜೆ ಸಪ್ಪಳ ಕೇಳಿದೊಡನೆ ಬೆಚ್ಚಿಬಿದ್ದು ಎಚ್ಚೆತ್ತು, ಪುಟ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ಪ್ರಾಮಾಣಿಕ ಸಂಶೋಧಕಿಯಾದ ಅವಳು ತಾನು ಕೋಣೆಗೆ ಬಂದುಹೋದ ಹೊತ್ತನ್ನೂ ಯಂತ್ರದಲ್ಲಿ ಗುರುತು ಹಾಕುತ್ತಿದ್ದಳು.

ಕೊನೆಗೊಂದು ಸಂಜೆ ಅವಳ ಮಾರ್ಗದರ್ಶಕಿಯೇ ಮನೆಗೆ ಬಂದರು. ಚಿಮುಟ ಇನ್ನೂ ಅವನ ಬೆರಳಲ್ಲೇ ಇತ್ತು. ಯಂತ್ರದ ಪರದೆಯ ಮೇಲಿನ ಏರಿಳಿತ ನೋಡಿ ಅವರು ಹುಬ್ಬು ಗಂಟಿಕ್ಕಿದರು.

“ಕತೆಗೂ ಈ ಬಡಿತಕ್ಕೂ ಸಂಬಂಧವೇ ಇಲ್ವಲ್ಲಮ್ಮ?”

ಮುಗಿಯಿತು, ಕಳ್ಳನಿದ್ದೆ ಬಯಲಾಯಿತು ಎಂದುಕೊಂಡ ಅವನು.

ಮಾರ್ಗದರ್ಶಕಿ ಅವಳು ಹಾಕಿದ್ದ ಗುರುತುಗಳ ಮೇಲೆ ಬೆರಳಾಡಿಸಿದರು. “ನಾಯಕಿ ಸತ್ತಾಗ ಹಾರಿಲ್ಲ. ನೀನು ಕೋಣೆಗೆ ಬಂದಾಗಲೆಲ್ಲ ಹಾರಿದೆ!”

ಹೆಂಡತಿಯ ಕಣ್ಣು ತುಂಬಿ ಬಂತು. “ಇಷ್ಟು ವರ್ಷ ಆದಮೇಲೂನಾ? ನಿಜವೇನ್ರೀ?”

ಪಾಪ, ಏನು ಹೇಳಿಯಾನು? ನಿಜ ಹೇಳಿದರೆ ಅಧ್ಯಾಯವೂ ಹೋಯಿತು, ಮಾನವೂ ಹೋಯಿತು. “ಹೂಂ ಕಣೇ” ಎಂದ.

“ಹಾಗಾದ್ರೆ ವಿಷಯ ಬದಲಾಯಿಸೋಣ” ಎಂದರು ಮಾರ್ಗದರ್ಶಕಿ. “ಪ್ರೀತಿಸೋರು ಪಕ್ಕದಲ್ಲಿದ್ರೆ ಓದು ಹೇಗಿರುತ್ತೆ ಅಂತ ನೋಡು. ಮೊದಲಿಂದ ಶುರು ಮಾಡು, ಇನ್ನೆರಡು ವರ್ಷ ಹಿಡಿಯುತ್ತೆ.”

“ಆಗಲಿ ಮೇಡಂ. ದಿನಾ ಸಂಜೆ ಇವರ ಪಕ್ಕದಲ್ಲೇ ಕೂತಿರ್ತೀನಿ, ಅಲುಗಾಡಲ್ಲ!”

ಪರದೆಯ ಗೆರೆ ಗಕ್ಕನೆ ಮೇಲಕ್ಕೆ ನೆಗೆಯಿತು.

“ಅಯ್ಯೋ, ನೋಡಿ ಮೇಡಂ, ಮಾತು ಕೇಳಿದ್ದಕ್ಕೇ ಹೇಗೆ ಹಾರ್ತಿದೆ!” ಎಂದು ಹೆಂಡತಿ ನಾಚಿ ತಲೆ ತಗ್ಗಿಸಿದಳು.