ಕಿಟಕಿ ಪಕ್ಕದ ಜಾಡಿಯಲ್ಲಿ ಬಿಜಯಂಗೈದಿರುವ ಹುಳಿಹಿಟ್ಟಿನವರಿಗೆ

ಮಾನ್ಯ ಹುಳಿಹಿಟ್ಟಿನವರೇ,

ನಮ್ಮ ಅಡುಗೆಮನೆಯ ಕಿಟಕಿಯ ಬಳಿ ತೆಳುಬಟ್ಟೆಯ ಮುಸುಕು ಹೊದ್ದು ಕೂತಿರುವ ತಮಗೆ, ಅದೇ ಮನೆಗೆ ಬಾಡಿಗೆ ಕಟ್ಟುವ, ಹಳೆ ಪುಸ್ತಕಗಳಿಗೆ ಬೈಂಡ್ ಹಾಕಿ ಹೊಟ್ಟೆ ಹೊರೆಯುವ ಬಡಪಾಯಿಯ ನಮಸ್ಕಾರಗಳು. ಬೆಳಗಾದರೆ ಬಟ್ಟೆ ಎತ್ತಿಕೊಂಡು ಹೊರಗಿಣುಕುವವರ ಕ್ಷೇಮವನ್ನು ಬೇರೆ ವಿಚಾರಿಸಬೇಕೆ?

ಅಂಗಡಿಯ ಬ್ರೆಡ್ಡು ಬಿಟ್ಟು ಮನೆಯಲ್ಲೇ ಮಾಡಿಕೊಂಡರೆ ಉಳಿಯುವ ಹಣದಲ್ಲಿ ಈ ರಜೆಗೆ ಇಬ್ಬರೂ ಸಮುದ್ರ ನೋಡಿ ಬರಬಹುದೆಂದು ನನ್ನಾಕೆ ತಮ್ಮನ್ನು ಕಲಸಿಟ್ಟಾಗ, ಮದುವೆಯಾದಾಗಿನಿಂದ ಸಮುದ್ರವನ್ನು ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ನಾನು ಹಿಗ್ಗಿ ಹೀರೇಕಾಯಿಯಾದೆ. ಬ್ರೆಡ್ಡು ಉಬ್ಬಿಸಲು ಅಂಗಡಿಯ ಯೀಸ್ಟ್ ಬೇಡವಂತೆ, ಹುಳಿತ ತಮ್ಮದೊಂದು ಚಮಚದ ಜೊತೆ ಹಿಟ್ಟು, ನೀರು, ಉಪ್ಪು ಇದ್ದರೆ ಸಾಕಂತೆ. ಮೊದಲ ಬ್ರೆಡ್ಡನ್ನು ಬಿಸಿಬಿಸಿ ಮುರಿದು ತಿಂದಾಗ ನನ್ನ ಕಣ್ಣಲ್ಲಿ ನೀರೇ ಬಂತು. ತಮ್ಮ ರುಚಿಗೆ ನಾನು ಅಂದೇ ಸೋತವನು.

ಆದರೆ ತಮಗೆ ದಿನವೂ ಹೊಸ ಹಿಟ್ಟು ಉಣಿಸುವ ಮುನ್ನ ಅರ್ಧ ಭಾಗ ತೆಗೆಯಬೇಕೆಂಬ ಶಾಸ್ತ್ರವಿದೆಯಷ್ಟೆ. ಆ ಅರ್ಧವನ್ನು ಲೋಕದವರೆಲ್ಲ ಎಸೆಯುತ್ತಾರಂತೆ. ಉಳಿತಾಯಕ್ಕೆ ಹೊರಟವಳು ಎಸೆಯುವುದುಂಟೆ? ನನ್ನಾಕೆ ಅದಕ್ಕೊಂದು ಬೇರೆ ಜಾಡಿ ಕೊಟ್ಟಳು. ಮರುದಿನ ಎರಡೂ ಜಾಡಿಯವರು ಹಸಿದರು. ಇಬ್ಬರಿಗೂ ಊಟ, ಇಬ್ಬರಿಂದಲೂ ಅರ್ಧರ್ಧ, ಅವರಿಗೂ ಜಾಡಿ. ಹೀಗೆ ತಮ್ಮ ಸಂತಾನವು ಸಕ್ಕರೆ ಡಬ್ಬಿ, ಹೂದಾನಿ, ನನ್ನ ಶೇವಿಂಗ್ ಮಗ್ಗುಗಳನ್ನು ಗೆದ್ದುಕೊಂಡು, ಅತ್ತೆಯವರು ಹಲ್ಲುಸೆಟ್ಟು ನೆನೆಸುವ ಬಟ್ಟಲಿನವರೆಗೂ ರಾಜ್ಯ ವಿಸ್ತರಿಸಿದೆ. ನನ್ನಾಕೆ ಹಂಚಲು ಒಯ್ದ ಜಾಡಿ ಕಂಡು ಮೊದಮೊದಲು ಮುಖ ಅರಳಿಸುತ್ತಿದ್ದ ಪಕ್ಕದ ಮನೆಯ ನರ್ಸಮ್ಮ ಈಗ ನನ್ನಾಕೆಯ ಚಪ್ಪಲಿ ಸದ್ದಾದರೆ ದೀಪ ಆರಿಸುತ್ತಾರೆ. ಬಟ್ಟಲು ಕಳೆದುಕೊಂಡ ಅತ್ತೆಯವರೋ, "ಪಾಪ, ಅವಕ್ಕೂ ಹಸಿವಾಗಲ್ವೇ ಅಳಿಯಂದ್ರೇ" ಎಂದು ತಮ್ಮದೇ ಪಕ್ಷ.

ಬ್ರೆಡ್ಡಿನ ಖರ್ಚು ನಿಂತಿದ್ದು ಸತ್ಯ. ನಮಗೆ ಹಿಟ್ಟಿನ ಮೂಟೆ ಮಾರುವ ಅಂಗಡಿಯವನು ಮಾತ್ರ ಮನೆಮಂದಿಯೊಂದಿಗೆ ಸಮುದ್ರ ನೋಡಿ ಬಂದ. ನಾವೂ ಹೇಗೋ ಎರಡು ಟಿಕೆಟ್ಟು ಮಾಡಿಸಿದ್ದೆವು. ಆದರೆ ನಿನ್ನೆ ನನ್ನಾಕೆ, ಒಂದು ಜಾಡಿಯಾಗಿದ್ದರೆ ಮಡಿಲಲ್ಲಿ ಇಟ್ಟುಕೊಂಡಾದರೂ ಹೋಗಬಹುದಿತ್ತು, ಇಷ್ಟು ಜೀವಗಳನ್ನು ಉಪವಾಸ ಕೆಡವಲಾಗದು, ಯಾರಾದರೂ ಮನೆಯಲ್ಲಿ ಉಳಿಯಲೇಬೇಕು ಎಂದಳು. ಯಾರಾದರೂ ಎಂದರೆ ನಾನು. ನನ್ನ ಟಿಕೆಟ್ಟು ಅತ್ತೆಯವರ ಪಾಲಾಯಿತು.

ಆದ್ದರಿಂದ ತಾವು ದಯಮಾಡಿ, ಸುಮ್ಮನೆ ಕೂತು ಉಬ್ಬುವ ಬದಲು ಎಲ್ಲಾದರೂ ಸಣ್ಣದೊಂದು ಕೆಲಸ ಹಿಡಿದು ತಮ್ಮ ಹಿಟ್ಟನ್ನು ತಾವೇ ದುಡಿದುಕೊಳ್ಳಬೇಕು. ಹಿರಿಯರಾದ ತಾವು ಕಿರಿಯ ಜಾಡಿಗಳಿಗೆ ಸಂಯಮ ಬೋಧಿಸಬೇಕು. ಅದೂ ಆಗದಿದ್ದರೆ ಸಕುಟುಂಬರಾಗಿ ತಾವೇ ಸಮುದ್ರಕ್ಕೆ ಹೋಗಿ ಬರಬೇಕು, ಸ್ಟೇಷನ್ನಿನವರೆಗೆ ಚೀಲ ನಾನು ಹೊರುತ್ತೇನೆ.

ತಾವು ಉಬ್ಬಿದಷ್ಟೂ ಕುಗ್ಗುತ್ತಿರುವ,
ತಮ್ಮ ವಿಶ್ವಾಸಿ,
ಮನೆಯಲ್ಲಿ ಉಳಿಯಬೇಕಾದವನು

ತಾ.ಕ.: ನನ್ನ ಅಂಗಡಿಯಲ್ಲಿ ರಟ್ಟಿಗೆ ಹಚ್ಚುವ ಅಂಟು ಮುಗಿದಿದೆ. ದುಡ್ಡು ಕೊಟ್ಟು ಹೊಸದು ತಂದರೆ ಉಳಿತಾಯಕ್ಕೆ ದ್ರೋಹ ಬಗೆದಂತಾದೀತೆಂದು ಇಂದು ತಮ್ಮ ಬಂಧುಗಳಿಬ್ಬರನ್ನು ಅಂಟಿನ ಕೆಲಸಕ್ಕೆ ಸೇರಿಸಿಕೊಂಡೆ. ಒಬ್ಬರು ಬೀಜಗಣಿತದ ಪುಸ್ತಕದ ಬೆನ್ನಿಗಿದ್ದಾರೆ, ಇನ್ನೊಬ್ಬರು ಕಾನೂನಿನ ಬೆನ್ನಿಗೆ. ಎಸೆದಿಲ್ಲವಲ್ಲ ಎಂದು ನನ್ನಾಕೆಗೂ ಸಂತೋಷ. ಹೊರಡುವ ದಿನದೊಳಗೆ ತಮ್ಮ ಮಿಕ್ಕ ಬಳಗಕ್ಕೂ ನೌಕರಿ ಖಾತ್ರಿ. ಮನೆಯಲ್ಲಿ ಹಸಿಯುವ ಜಾಡಿಯೇ ಇಲ್ಲದ ಮೇಲೆ ಅತ್ತೆಯವರಿಂದ ನನ್ನ ಟಿಕೆಟ್ಟೂ ವಾಪಸ್ಸು. ತಾವೊಬ್ಬರು ಮಾತ್ರ ನಮ್ಮ ಜೊತೆ ಸಮುದ್ರಕ್ಕೆ ಬನ್ನಿ. ನನ್ನಾಕೆಯ ಮಡಿಲು ತಮ್ಮದು, ಕಿಟಕಿ ಪಕ್ಕದ ಸೀಟು ನನ್ನದು.